ಚಾವಿ ಕೊಟ್ಟು ನೋಡದೆ ಗುಜರಿಗೆ ಹಾಕಬೇಡಿ

1/10
ತಕ್ಕಡಿ ಮೇಲೆ ಕೂತಿರೋದು ಗೋಡೆ ಗಡಿಯಾರ. ಅದರ ಪಕ್ಕ ತಳ ತೂತಾದ ಕುಕ್ಕರ್, ಒಂದು ಸೈಕಲ್ ರಿಮ್. ಜಾಗ ನಮ್ಮ ರಾಮನಗರದ ಗುಜರಿ ಅಂಗಡಿ, ನಮ್ಮ ಮಾತಿನಲ್ಲಿ ಮೋಡಕಾ ಅಂಗಡಿ. “ಕಟ್ಟಿಗಿ ತೂಕ ಕಳೀಬೇಕಾಗ್ತದ ತಂಗಿ, ಒಳಗಿನ ಹಿತ್ತಾಳಿಗಷ್ಟ ರೊಕ್ಕ” ಅಂದ ಕಾಕಾ. ಅಂದರೆ ಅವನ ಲೆಕ್ಕದಲ್ಲಿ ಪೆಟ್ಟಿಗೆ ವೇಸ್ಟು, ಮಷಿನ್ನು ಕರಗಿಸೋ ಹಿತ್ತಾಳೆ. 250 ರೂಪಾಯಿ ಕೊಟ್ಟು ಎರಡನ್ನೂ ಒಟ್ಟಿಗೆ ತಂದೆ.

ಸ್ಟೋರಿ ಹಾಕಿದ ಮೇಲೆ ನೀವೆಲ್ಲಾ ಕಳಿಸಿದ ಮೆಸೇಜು ಮೂರೇ ಥರ. ಒಂದು: “ಹುಚ್ಚಿ, ಫೋನ್‌ನಾಗ ಟೈಮ್ ಇಲ್ಲೇನ?” ಎರಡು: “ಮಷಿನ್ ಕಿತ್ತು ಬ್ಯಾಟರಿದು ಹಾಕು, ಮಸ್ತ್ ಕಾಣ್ತದ.” ಮೂರು: “ನಿನಗ್ ಬರೂದಿಲ್ಲ, ಹಾಳು ಮಾಡ್ತಿ, ಗೊತ್ತಿದ್ದವರಿಗೆ ಕೊಡು.”

ಮೂರಕ್ಕೂ ಉತ್ತರ ಕೊಡ್ತೀನಿ. ಹತ್ತು ಫೋಟೋ, ಹತ್ತು ಕ್ಯಾಪ್ಶನ್. ಓದೋ ತಾಳ್ಮೆ ಇಲ್ಲದವರು ಕೊನೇದಕ್ಕೆ ಹೋಗಿ, ಆದರೆ ಕಮೆಂಟ್ ಹಾಕೋ ಮುಂಚೆ ಪೂರ್ತಿ ಓದಿ.

2/10
ಇದು ಪೆಟ್ಟಿಗೆಯ ಒಳಗಿನ ಹಿಂಬದಿ ಹಲಗೆ. ಟಾರ್ಚ್ ಬಿಟ್ಟು ತೆಗೆದ ಫೋಟೋ, ಝೂಮ್ ಮಾಡಿ. ಪೆನ್ಸಿಲ್‌ನಲ್ಲಿ ಮೂರು ಸಾಲು:

ಸುಪಾ 1958
ಸುಪಾ 1966
ಸುಪಾ 1974

ಗಡಿಯಾರ ರಿಪೇರಿ ಮಾಡೋರು ಕೆಲಸ ಮುಗಿಸಿ ಒಳಗೆ ತಾರೀಖು ಬರೆದಿಡೋ ಪದ್ಧತಿ ಪ್ರಪಂಚದ ಹಲವು ಕಡೆ ಇತ್ತು. ಮುಂದೆ ಇದನ್ನು ಬಿಚ್ಚುವವನಿಗೆ ಹಿಂದಿನವನು ಬಿಟ್ಟ ಚೀಟಿ ಅದು. ಎಂಟೆಂಟು ವರ್ಷಕ್ಕೆ ಒಂದು ಸಲ ಯಾರೋ ಇದನ್ನು ಇಳಿಸಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಗೋಡೆಗೆ ಹಾಕಿದ್ದಾರೆ. 1974ರ ನಂತರ ಸಾಲು ಇಲ್ಲ.

ಯಾಕೆ ಇಲ್ಲ ಅಂತ ರಾಮನಗರದಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಹೊರಗಿನ ಫಾಲೋವರ್ಸ್‌ಗೆ ಹೇಳ್ತೀನಿ. ಸುಪಾ ನಮ್ಮ ತಾಲೂಕಿನ ಹಳೇ ಮುಖ್ಯ ಊರು, ತಾಲೂಕಿಗೂ ಅದೇ ಹೆಸರಿತ್ತು. ಕಾಳಿ ನದಿಗೆ ಗಣೇಶಗುಡಿ ಹತ್ತಿರ 101 ಮೀಟರ್ ಎತ್ತರದ ಅಣೆಕಟ್ಟು ಬಂತು, 1987ರಲ್ಲಿ ಮುಗೀತು. ಊರು ನೀರಿನಡಿ ಹೋಯ್ತು, ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯ್ತು. ಮನೆ ಕಳಕೊಂಡವರಿಗೆ ಕೊಟ್ಟ ಜಾಗದಲ್ಲಿ ಬೆಳೆದದ್ದು ನಮ್ಮ ರಾಮನಗರ. ಅಲ್ಲಿಂದ ಬರುವಾಗ ಕೆಲವರು ಬಾಗಿಲು, ಕಂಬ, ಹಂಚು ತಂದರು. ಒಬ್ಬರು ಗಡಿಯಾರ ತಂದರು. ತಂದು ಗೋಡೆಗೆ ಹಾಕಿದರು, ಆಮೇಲೆ ಯಾರೂ ಅದನ್ನು ಬಿಚ್ಚಲಿಲ್ಲ.

3/10
ಮೊದಲನೇ ಮೆಸೇಜಿಗೆ ಉತ್ತರ: ಫೋನ್‌ನಲ್ಲಿ ಟೈಮ್ ಇದೆ.

ಇದೆ. ನನಗೂ ಗೊತ್ತು. ಸೋಲು ಮೊದಲೇ ಒಪ್ಕೋತೀನಿ. 100 ರೂಪಾಯಿಯ ಬ್ಯಾಟರಿ ಗಡಿಯಾರದೊಳಗಿನ ಸ್ಫಟಿಕದ ಚೂರು ಒಂದು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡು. ನನ್ನ ಗಡಿಯಾರದ ಲೋಲಕ ಅದೇ ಒಂದು ಸೆಕೆಂಡಿನಲ್ಲಿ ಒಂದು ಸಲ ಹೋಗಿ ಬರುತ್ತೆ, ಅದೂ ತಂಪು ಬಿಸಿಲು ನೋಡಿ. ಕರೆಕ್ಟ್ ಟೈಮ್ ಬೇಕಾದವರು ಬ್ಯಾಟರಿದೇ ತಗೊಳ್ಳಿ. ಫೈಟ್ ಅದರ ಬಗ್ಗೆ ಅಲ್ಲ.

ಆದರೆ ಟೈಮ್ ಹೇಳೋದಕ್ಕಷ್ಟೇ ಬೆಲೆ ಅಂದರೆ ನಿಮ್ಮ ಮನೇಲಿ ಇರೋ ಎಷ್ಟು ಸಾಮಾನು ಉಳೀತದೆ? ಮಿಕ್ಸರ್ ಬಂದ ಮೇಲೂ ಆಯಿ ಒರಳು ಇಟ್ಟಿದ್ದಾಳೆ. ಯಾಕೆ ಅಂತ ನೀವು ಕೇಳಿಲ್ಲ, ಯಾಕಂದರೆ ಚಟ್ನಿ ತಿಂದಿದ್ದೀರಿ. ಈ ಗಡಿಯಾರದ ಸದ್ದು ನೀವು ಕೇಳಿಲ್ಲ, ಅದಕ್ಕೇ ಅದು ನಿಮಗೆ ಕಸ. ಕೇಳದೇ ಇರೋದು ನಿಮ್ಮ ತಪ್ಪಲ್ಲ. ಕೇಳದೆ ತೀರ್ಪು ಕೊಡೋದು ತಪ್ಪು.

4/10
ಎರಡನೇದು: ಮಷಿನ್ ಕಿತ್ತು ಬ್ಯಾಟರಿ ಹಾಕು.

ಈ ಮಾತಿಗೆ ನನಗೆ ನಿಜವಾಗಿ ಸಿಟ್ಟು ಬರುತ್ತೆ. ಇಂಥ ರೀಲ್ಸ್ ದಿನಾ ಒಂದಾದರೂ ಬರುತ್ತೆ. ಹಳೇ ಪೆಟ್ಟಿಗೆ, ಮೇಲೆ ಹೊಳೆಯೋ ವಾರ್ನಿಶ್, ಒಳಗೆ ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್. ಕೆಳಗೆ ‘ವಿಂಟೇಜ್’ ಅಂತ ಬರೆದು ಹಾಡು ಹಾಕಿರ್ತಾರೆ. ಕಿತ್ತ ಹಿತ್ತಾಳೆ ಮಷಿನ್ ಎಲ್ಲಿ ಹೋಯ್ತು ಅಂತ ಯಾವ ರೀಲ್ಸೂ ತೋರಿಸಲ್ಲ. ನಾನು ಹೇಳ್ತೀನಿ, ಅದೇ ತಕ್ಕಡಿಗೆ ಹೋಯ್ತು.

ಫೋಟೋ ನೋಡಿ. ಇದು ಆ ಮಷಿನ್ನಿನ ಹಿಂಬದಿ ತಟ್ಟೆ, ಜಪಾನಿನ ಸೇಕೋಶಾ ಮುದ್ರೆ ಕಾಣ್ತಿದೆ. ಸೇಕೋಶಾ 1892ರಲ್ಲಿ ಟೋಕಿಯೋದಲ್ಲಿ ಶುರುವಾದ ಕಾರ್ಖಾನೆ. ಇವತ್ತಿನ ಸೀಕೋ ಬೇರು ಅಲ್ಲೇ. ಅವರು ಮೊದಲು ಮಾಡಿದ್ದು ಕೈಗಡಿಯಾರ ಅಲ್ಲ, ಗೋಡೆ ಗಡಿಯಾರ. ಅಲ್ಲಿಂದ ಹಡಗು ಹತ್ತಿ, ಕಾಳಿ ದಡದ ಒಂದು ಊರಿಗೆ ಬಂದು, ಊರು ಮುಳುಗೋ ಮುಂಚೆ ಎದ್ದು ಬಂದ ಮಷಿನ್ನನ್ನು, ಗೋಡೆ ಚಂದ ಕಾಣ್ಲಿ ಅಂತ ಕಿತ್ತು ಎಸೆಯೋದಾ? ಟೈಮ್ ಬೇಕಾದರೆ ಹೊಸದೊಂದು ಕೊಂಡು ಪಕ್ಕದಲ್ಲೇ ಹಾಕಿ. ಎರಡಕ್ಕೂ ಗೋಡೆಯಲ್ಲಿ ಜಾಗ ಇದೆ.

5/10
‘ಕೆಟ್ಟಿದೆ’ ಅನ್ನೋ ಶಬ್ದದ ಬಗ್ಗೆ.

ನಿಂತ ಗಡಿಯಾರಕ್ಕೆಲ್ಲ ನಾವು ಕೆಟ್ಟಿದೆ ಅಂತೀವಿ. ಇದರಲ್ಲಿ ಮುರಿದದ್ದು ಏನಿತ್ತು ಗೊತ್ತಾ? ಲೋಲಕ ನೇತಾಡೋ ಬೆರಳಗಲದ ತೆಳು ಪಟ್ಟಿ. ಅಷ್ಟೇ. ಉಳಿದದ್ದೆಲ್ಲ ಕೊಳೆ. ಹಳೇ ಎಣ್ಣೆ ಗಟ್ಟಿಯಾಗಿ ಬೆಲ್ಲದ ಪಾಕದ ಹಾಗೆ ಅಂಟಿತ್ತು. ಜೊತೆಗೆ ನಮ್ಮ ಮಳೆಗಾಲದ ತೇವ, ಒಂದು ಜೇಡ, ಗೋಡೆಯ ಸುಣ್ಣ.

ಮುಂದಿನ ಸಲ ನಿಂತ ಗಡಿಯಾರ ಸಿಕ್ಕರೆ ಈ ಕ್ರಮದಲ್ಲಿ ನೋಡಿ. ಚಾವಿ ತಿರುಗುತ್ತಾ? ತಿರುಗಿದಾಗ ಟಕಟಕ ಹಿಡ್ಕೋತದಾ? ಲೋಲಕ ಕೈಯಿಂದ ಆಡಿಸಿದರೆ ಸದ್ದು ಬರುತ್ತಾ? ಸದ್ದು ಬಂದು ಐದು ನಿಮಿಷಕ್ಕೆ ನಿಂತರೆ ಕಿವಿ ಕೊಡಿ. ಟಿಕ್, ಟಾಕ್ ಎರಡರ ನಡುವೆ ಒಂದೇ ಅಂತರ ಇರಬೇಕು. ಟಿಕ್‌ಟಾಕ್… ಟಿಕ್‌ಟಾಕ್… ಅಂತ ಕುಂಟಿದರೆ ಪೆಟ್ಟಿಗೆ ಸೊಟ್ಟ ನೇತಾಡ್ತಿದೆ ಅಂತ ಅರ್ಥ. ಕೆಳತುದಿಯನ್ನು ಒಂದು ಚೂರು ಎಡಕ್ಕೋ ಬಲಕ್ಕೋ ಸರಿಸಿದರೆ ಎಷ್ಟೋ ಗಡಿಯಾರ ಅಲ್ಲೇ ಓಡ್ತವೆ. ಗೋಡೆ ಸೊಟ್ಟ ಇದ್ದದ್ದಕ್ಕೆ ಗಡಿಯಾರಕ್ಕೆ ಶಿಕ್ಷೆ ಕೊಟ್ಟ ಮನೆ ಎಷ್ಟಿವೆಯೋ.

6/10
ಈಗ ನನ್ನ ತಪ್ಪುಗಳು. ಮುಚ್ಚಿಟ್ಟು ನಿಮಗೆ ಭಾಷಣ ಮಾಡಿದರೆ ಸರಿ ಹೋಗಲ್ಲ.

ತಪ್ಪು ಒಂದು, ಫೋಟೋದಲ್ಲಿದೆ. ಡಯಲ್ ಮೇಲೆ ನಾಲ್ಕರ ಜಾಗ ಖಾಲಿ. ತಗಡಿನ ಮೇಲೆ ಅಂಟಿಸಿದ ಕಾಗದದ ಡಯಲ್ ಅದು. ಮೊದಲ ದಿನದ ಉತ್ಸಾಹಕ್ಕೆ ಒದ್ದೆ ಬಟ್ಟೆಯಿಂದ ಒರೆಸಿದೆ. ಅರವತ್ತು ಚಿಲ್ಲರೆ ವರ್ಷ ಉಳಿದಿದ್ದ ರೋಮನ್ ಅಂಕಿ ನಾಲ್ಕು ಸೆಕೆಂಡಿಗೆ ಬಟ್ಟೆಗೆ ಬಂತು. ಮತ್ತೆ ಬರೆಯಬಹುದಿತ್ತು. ಬರೆದಿಲ್ಲ. ನನ್ನ ಕೈಕೆಲಸ ಅಲ್ಲೇ ಕಾಣ್ಲಿ.

ತಪ್ಪು ಎರಡು: ಬಾಗಿಲ ಕೀಲಿಗೆ ಹೊಡೆಯೋ ಸ್ಪ್ರೇ ಎಣ್ಣೆ ಒಳಗೆಲ್ಲ ಹೊಡೆದೆ. ಗಡಿಯಾರ ಓಡ್ತು, ಕುಣಿದೆ, ವಿಡಿಯೋ ಹಾಕಿದೆ. ಮೂರು ದಿನಕ್ಕೆ ನಿಂತಿತು. ಆ ಎಣ್ಣೆ ಕೊಳೆ ಕರಗಿಸಿ ಇನ್ನೂ ಒಳಗೆ ತಳ್ಳುತ್ತೆ, ತಾನು ಆರಿಹೋಗುತ್ತೆ. ಕೊಳೆ ತೆಗೆಯದೆ ಎಣ್ಣೆ ಬಿಡೋದು ಅಂದರೆ ಸ್ನಾನ ಮಾಡದೆ ಸೆಂಟ್ ಹೊಡ್ಕೊಂಡ ಹಾಗೆ.

ಆಯಿ ಹೇಳಿದ ಹುಣಸೆಹಣ್ಣು ಮಾತ್ರ ಹಚ್ಚಲಿಲ್ಲ. ಹಿತ್ತಾಳೆ ಸಮೆಗೆ ಅದು ಸರಿ. ಗಡಿಯಾರದ ಸಣ್ಣ ರಂಧ್ರಗಳಲ್ಲಿ ಹುಳಿ ಉಳಿದರೆ ಲೋಹ ತಿನ್ನುತ್ತೆ. ಪಾತ್ರೆ ಉಜ್ಜೋ ಪುಡಿನೂ ಬೇಡ, ಅದರ ಮರಳು ಅಚ್ಚುಗಳನ್ನು ಸವೆಸುತ್ತೆ.

7/10
ಇದನ್ನು ಮಾತ್ರ ಎಲ್ಲರೂ ಓದಿ. ಸ್ಪ್ರಿಂಗ್.

ಇಂಥ ಗಡಿಯಾರದಲ್ಲಿ ಎರಡು ದೊಡ್ಡ ಉಕ್ಕಿನ ಸ್ಪ್ರಿಂಗ್ ಇರುತ್ತವೆ. ಬಲಗಡೆ ಚಾವಿ ತೂತು ಮುಳ್ಳು ಓಡಿಸೋದಕ್ಕೆ, ಎಡಗಡೆದು ಗಂಟೆ ಹೊಡೆಯೋದಕ್ಕೆ. ಎಂಟು ದಿನ ಓಡಿಸೋ ಶಕ್ತಿ ಒಳಗೆ ಸುತ್ತಿಕೊಂಡು ಕೂತಿರುತ್ತೆ. ಅದನ್ನು ಸಡಿಲ ಮಾಡದೆ ತಟ್ಟೆಯ ಸ್ಕ್ರೂ ಬಿಚ್ಚಿದರೆ ಆ ಶಕ್ತಿ ಒಂದೇ ಕ್ಷಣದಲ್ಲಿ ಹೊರಗೆ ಬರುತ್ತೆ. ಚಕ್ರದ ಹಲ್ಲು ಮುರಿಯುತ್ತೆ, ಬೆರಳು ಸೀಳುತ್ತೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ.

ತಡೆಯೋ ಕೊಕ್ಕೆಯನ್ನು ಒತ್ತಿ ಹಿಡಿದು, ಚಾವಿಯನ್ನು ಕೈಯಲ್ಲೇ ಸ್ವಲ್ಪ ಸ್ವಲ್ಪ ಹಿಂದಕ್ಕೆ ಬಿಡಬೇಕು. ಮಾಮೂಲಿ ಚಿಟ್ಟೆ ಚಾವಿಯಿಂದ ಮಾಡೋಕೆ ಹೋಗಿ ನನ್ನ ಕೈ ಜಾರಿತು, ಚಾವಿ ಗಿರಗಿರ ತಿರುಗಿ ಹೆಬ್ಬೆರಳಿಗೆ ಬಡೀತು. ಉಗುರು ಕಪ್ಪಾಗಿದ್ದು ಕ್ಲಾಸಲ್ಲಿ ಎಲ್ಲರೂ ನೋಡಿದ್ದೀರಿ, ಬಾಗಿಲಿಗೆ ಸಿಕ್ಕಿತು ಅಂತ ಸುಳ್ಳು ಹೇಳಿದ್ದೆ. ಆಮೇಲೆ ಬೈಕ್ ಮೆಕ್ಯಾನಿಕ್ ಮಾಮಾ ಚಾವಿಗೆ ದುಂಡನೆ ಮರದ ಹಿಡಿಕೆ ಮಾಡಿಕೊಟ್ಟ, ಪಕ್ಕದಲ್ಲೇ ನಿಂತ. ದಪ್ಪ ಕೈಗವಸು, ಕನ್ನಡಕ, ಜೊತೆಗೆ ಒಬ್ಬ ದೊಡ್ಡವರು. ಈ ಮೂರು ಇಲ್ಲದಿದ್ದರೆ ಒಳಗೆ ಕೈ ಹಾಕಬೇಡಿ, ಹೊರಗಿಂದ ಧೂಳು ಹೊಡೆದು ನೆಟ್ಟಗೆ ನೇತುಹಾಕಿ ಸಾಕು.

8/10
ಮೂರನೇ ಮೆಸೇಜು ಎಲ್ಲಕ್ಕಿಂತ ಗಟ್ಟಿ: ಗೊತ್ತಿದ್ದವರಿಗೆ ಕೊಡು.

ಒಪ್ಪುವಂಥ ಮಾತೇ. ಹೊಸಬರು ಹಾಳು ಮಾಡ್ತಾರೆ, ಆ ಖಾಲಿ ನಾಲ್ಕೇ ಸಾಕ್ಷಿ. ಆದರೆ ಗೊತ್ತಿದ್ದವರು ಎಲ್ಲಿದ್ದಾರೆ ಹೇಳಿ. ನಾನು ಹುಡುಕಿದೆ. ಗಡಿಯಾರ ರಿಪೇರಿ ಅಂತ ಬೋರ್ಡ್ ಇದ್ದ ಒಂದು ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರ್ತಾರೆ. ಇನ್ನೊಂದರಲ್ಲಿ ವಯಸ್ಸಾದ ಕಾಕಾ ಕೈ ನಡುಗಿಸಿ ತೋರಿಸಿ, “ಈಗ ಆಗೂದಿಲ್ಲವಾ, ಸೆಲ್ ಅಷ್ಟ ಹಾಕ್ತೇನಿ” ಅಂದರು.

ಇದು ನಮ್ಮ ಊರಿನ ಕಥೆ ಅಷ್ಟೇ ಅಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಶುರುವಾಯ್ತು, ಆಮೇಲೆ ತುಮಕೂರಲ್ಲೂ ಬಂತು. ನಿಮ್ಮ ಅಜ್ಜನ ಕೈಯಲ್ಲಿ ಇದ್ದದ್ದು ಬಹುಶಃ ಅದೇ. ದಿನಾ ಚಾವಿ ಕೊಡೋ ಗಡಿಯಾರ ಮಾಡೋದು, ಬಿಚ್ಚೋದು, ಜೋಡಿಸೋದು ಗೊತ್ತಿದ್ದ ಸಾವಿರಾರು ಕೈಗಳು ನಮ್ಮ ರಾಜ್ಯದಲ್ಲೇ ಇದ್ದವು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ ಮುಚ್ಚಿದಾಗ ಸುದ್ದಿ ಆಗುತ್ತೆ. ಕೈಗೆ ಗೊತ್ತಿದ್ದ ಕೆಲಸ ಮುಚ್ಚಿದಾಗ ಯಾರೂ ಬರೆಯಲ್ಲ.

ಹಾಗಾಗಿ ನಮ್ಮ ಮುಂದಿರೋ ಆಯ್ಕೆ ‘ಹೊಸಬಳೋ, ನಿಪುಣನೋ’ ಅಂತ ಅಲ್ಲ. ಹೊಸಬಳೋ, ತಕ್ಕಡಿಯೋ ಅಂತ. ತಕ್ಕಡಿಗೆ ಹೋದರೆ ನೂರಕ್ಕೆ ನೂರು ಹಾಳು. ನನ್ನ ಕೈಗೆ ಬಂದರೆ ಒಂದು ಅಂಕಿ ಹಾಳು. ಇವತ್ತಿನ ನಿಪುಣರೆಲ್ಲ ಒಂದು ದಿನ ಏನೋ ಕೆಡಿಸಿಯೇ ಕಲಿತವರು. ಅವರಿಗೆ ಕೆಡಿಸೋಕೆ ಗುರು ಪಕ್ಕದಲ್ಲಿದ್ದರು. ನಮಗೆ ಇಲ್ಲ, ಅದಕ್ಕೆ ನಿಧಾನ ಮಾಡಬೇಕು.

9/10
ನಿಧಾನ ಅಂದರೆ ಏನು? ನಾನು ಮಾಡಿಕೊಂಡ ಒಂದೇ ನಿಯಮ: ವಾಪಸ್ ತೆಗೆಯೋಕೆ ಆಗದ ಕೆಲಸ ಮಾಡಬಾರದು.

ಬಣ್ಣ ಬಳಿದರೆ ವಾಪಸ್ ಇಲ್ಲ, ಹಾಗಾಗಿ ಬಳಿಯೋದಿಲ್ಲ. ಮರಕ್ಕೆ ಒಣ ಬಟ್ಟೆ, ಆಮೇಲೆ ಚೂರು ಮೇಣ. ಪ್ರತಿ ಸ್ಕ್ರೂ ಬಿಚ್ಚೋ ಮುಂಚೆ ಒಂದು ಫೋಟೋ. ನನ್ನ ಫೋನ್‌ನಲ್ಲಿ 214 ಇವೆ. ಚಕ್ರಗಳನ್ನು ಪೆಟ್ರೋಲ್‌ನಲ್ಲಿ ಅದ್ದಿ ಮೆತ್ತಗಿನ ಬ್ರಶ್, ಅದೂ ಅಂಗಳದಲ್ಲಿ, ಒಲೆ ಬೀಡಿ ಎಲ್ಲ ದೂರ. ಅಚ್ಚು ಕೂರೋ ರಂಧ್ರಗಳಿಗೆ ಚೂಪು ಮಾಡಿದ ಬಿದಿರು ಕಡ್ಡಿ. ಕಡ್ಡಿ ಕಪ್ಪಾಗದೆ ಬರೋ ತನಕ ಹೊಸ ಹೊಸ ಕಡ್ಡಿ. ಪೂರ್ತಿ ಒಣಗಿದ ಮೇಲೆ ಗಡಿಯಾರದ ಎಣ್ಣೆ, ರಂಧ್ರಕ್ಕೊಂದು ಸೂಜಿಮೊನೆಯಷ್ಟು. ಹಲ್ಲುಗಳಿಗೆ ಬೇಡ, ಅಲ್ಲಿ ಧೂಳು ಹಿಡಿದು ಅರ ಆಗುತ್ತೆ.

ಜೋಡಿಸೋಕೆ ನಾಲ್ಕು ಸಂಜೆ ಹಿಡೀತು. ಮೊದಲ ಸಲ ಮುಳ್ಳು ನಾಲ್ಕು ತೋರಿಸಿದರೆ ಗಂಟೆ ಒಂಬತ್ತು ಹೊಡೀತು. ಮನೆಯವರೆಲ್ಲ ನಕ್ಕರು.

ಸೈನ್ಸ್ ದೋಸ್ತರಿಗೆ ಒಂದು. ಟಿ ಸಮ 2π ರೂಟ್ ಎಲ್ ಬೈ ಜಿ ಅಂತ ನಾವು ಲ್ಯಾಬಲ್ಲಿ ದಾರಕ್ಕೆ ಗುಂಡು ಕಟ್ಟಿ ಮಾಡಿದ್ದು ನೆನಪಿದೆಯಾ? 1656ರಲ್ಲಿ ಹೈಗನ್ಸ್ ಲೋಲಕದ ಗಡಿಯಾರ ಮಾಡಿದಾಗಿನಿಂದ ಇವತ್ತಿನ ತನಕ ಅದೇ ಲೆಕ್ಕ. ನನ್ನ ಲೋಲಕ ಸುಮಾರು 25 ಸೆಂಟಿಮೀಟರ್. 1 ಮಿಲಿಮೀಟರ್ ಉದ್ದ ಆದರೆ ದಿನಕ್ಕೆ ಹೆಚ್ಚುಕಮ್ಮಿ 3 ನಿಮಿಷ ಹಿಂದೆ. ನಂದು ದಿನಕ್ಕೆ 9 ನಿಮಿಷ ಮುಂದೆ ಓಡ್ತಿತ್ತು. 3 ಮಿಲಿಮೀಟರ್ ಇಳಿಸಬೇಕು ಅಂತ ಪೆನ್ನು ಹಿಡಿದು ಲೆಕ್ಕ ಹಾಕಿ, ಕೆಳಗಿನ ನಟ್ ತಿರುಗಿಸಿದೆ. ಮರುದಿನ ವ್ಯತ್ಯಾಸ ಒಂದು ನಿಮಿಷದೊಳಗೆ ಬಂತು. ಪರೀಕ್ಷೆಗೆ ಉರು ಹೊಡೆದ ಸೂತ್ರ ನನ್ನ ಮಾತು ಕೇಳಿದ್ದು ಅದೇ ಮೊದಲ ಸಲ.

ಇನ್ನೂ ಸರಿ ಆಗದ್ದೂ ಇದೆ. ಎರಡು ರಂಧ್ರ ಸವೆದು ಮೊಟ್ಟೆ ಆಕಾರ ಆಗಿವೆ. ಅದಕ್ಕೆ ಹೊಸ ಹಿತ್ತಾಳೆ ಬಿಲ್ಲೆ ಕೂರಿಸಬೇಕು, ನನಗೆ ಬರಲ್ಲ, ಮುಟ್ಟಿಲ್ಲ. ಎಂಟು ದಿನ ಓಡಬೇಕಾದ್ದು ಆರು ದಿನ ಓಡ್ತಿದೆ. ಆರಕ್ಕೆ ಚಾವಿ ಕೊಡ್ತೀನಿ.

10/10
ಕೊನೇ ಫೋಟೋ ನನ್ನ ಮನೆಯ ಗೋಡೆ ಅಲ್ಲ.

ಪೆನ್ಸಿಲ್ ಸಾಲು ಸಿಕ್ಕ ಮೇಲೆ ಇದು ಯಾರ ಮನೇದು ಅಂತ ಗುಜರಿ ಕಾಕಾನ ಕೇಳಿದೆ. ಎರಡು ಓಣಿ ಆಚೆಯ ಅಜ್ಜನ ಮನೆ. ಚೌತಿಗೆ ಮನೆ ಸಾರಿಸುವಾಗ ಸೊಸೆ ಹಾಕಿದ್ದಾರೆ. ಅವರನ್ನು ಬೈಯಬೇಡಿ. ಮೂವತ್ತು ವರ್ಷ ನಿಂತೇ ಇದ್ದ ಗಡಿಯಾರವನ್ನು ಅವರು ಧೂಳು ಒರೆಸುತ್ತಾ ಇಟ್ಟಿದ್ದರು. ಅದು ಓಡಬಲ್ಲದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಈ ನಡುವೆ ಒಬ್ಬರು ಮೆಸೇಜ್ ಮಾಡಿ ಗೋವಾದ ಹೋಂಸ್ಟೇಗೆ ಬೇಕು, 6,000 ಕೊಡ್ತೀನಿ ಅಂದರು. ಸುಳ್ಳು ಹೇಳಲ್ಲ, ಎರಡು ರಾತ್ರಿ ಯೋಚನೆ ಮಾಡಿದೆ. 250 ಕೊಟ್ಟು ತಂದದ್ದು, ನಂದೇ. ಆದರೆ ಆ ಮೂರು ಸಾಲಿನಲ್ಲಿ ನನ್ನ ಹೆಸರಿಲ್ಲ.

ತಗೊಂಡು ಹೋದೆ. ಅಜ್ಜ ನೋಡಿ ಏನೂ ಅನ್ನಲಿಲ್ಲ. ಗೋಡೆಗೆ ಹಾಕಿ ಲೋಲಕ ಬಿಟ್ಟೆ. ಅರ್ಧ ಗಂಟೆಗೆ ಒಂದು ಹೊಡೆದಾಗ ಕೇಳಿದರು: “ತಂಗಿ, ಇದರ ಎಣ್ಣಿ ಯಾರ ಬಿಟ್ಟರ?” ನಾನೇ ಅಂದೆ. “ಅಪ್ಪಾ ಒಳಗ ತಾರೀಕು ಬರಸ್ತಿದ್ದ. ನೀ ಬರದಿ?” ಬರೆದಿರಲಿಲ್ಲ. ಪೆನ್ಸಿಲ್ ತರಿಸಿಕೊಟ್ಟರು.

ಸಿನಿಮಾ ಥರ ಎಲ್ಲಾ ಸರಿಹೋಯ್ತು ಅಂದುಕೋಬೇಡಿ. ರಾತ್ರಿ ಹನ್ನೆರಡು ಹೊಡೆದದ್ದಕ್ಕೆ ಮೊಮ್ಮಗು ಎದ್ದು ಅತ್ತಿತು, ಸೊಸೆ ಮರುದಿನವೇ ನನ್ನನ್ನು ಕರೆಸಿದರು. ಎರಡು ಸ್ಪ್ರಿಂಗ್ ಬೇರೆ ಬೇರೆ ಅಂತ ಹೇಳಿದೆನಲ್ಲ, ಅದು ಉಪಯೋಗಕ್ಕೆ ಬಂತು. ಎಡಗಡೆ ತೂತಿಗೆ ಚಾವಿ ಕೊಡದಿದ್ದರೆ ಗಂಟೆ ಹೊಡೆಯಲ್ಲ, ಮುಳ್ಳು ಮಾತ್ರ ಓಡುತ್ತೆ. ಈಗ ಒಪ್ಪಂದ ಹೀಗಿದೆ: ದಿನಾ ಮೌನ, ಭಾನುವಾರ ಬೆಳಗ್ಗೆ ಅಜ್ಜ ಎಡಗಡೆಗೂ ಎರಡು ಸುತ್ತು ಕೊಡ್ತಾರೆ. ಸಂಜೆಯೊಳಗೆ ಅದು ಮುಗೀತದೆ.

ಸುಪಾ ಮುಳುಗುವಾಗ ಮನೆಗೆ, ಹೊಲಕ್ಕೆ ಲೆಕ್ಕ ಬರೆದರು. ಈ ಸದ್ದಿಗೆ ಯಾವ ಕಾಲಂ ಇತ್ತು? ಆಗ ಅದನ್ನು ಉಳಿಸಿಕೊಂಡು ಬಂದವರ ಮೊಮ್ಮಕ್ಕಳು ನಾವು. ನೀರು ಏನೂ ಮಾಡಲಾಗದ್ದನ್ನು ನಾವು ಕೆಜಿ ಲೆಕ್ಕದಲ್ಲಿ ಕೊಡ್ತಿದ್ದೀವಿ.

ಹಾಗಾಗಿ ಒಂದೇ ಕೇಳ್ಕೊಳ್ಳೋದು. ಈ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲೆ ಗಡಿಯಾರ, ಹೊಲಿಗೆ ಮಷಿನ್, ರೇಡಿಯೋ ಏನೇ ಸಿಗಲಿ, ಹೊರಗೆ ಹಾಕೋ ಮುಂಚೆ ಎರಡು ಕೆಲಸ ಮಾಡಿ. ಒಳಗೆ ಏನಾದರೂ ಬರೆದಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಮನೆಯ ಹಿರಿಯರನ್ನು ಕರೆದು “ಇದು ಯಾವಾಗ ನಿಂತಿತು?” ಅಂತ ಕೇಳಿ. ಆಮೇಲೂ ಹಾಕಬೇಕು ಅನ್ನಿಸಿದರೆ ಹಾಕಿ. ಆದರೆ ಮೊದಲು ನನಗೊಂದು ಮೆಸೇಜ್ ಮಾಡಿ. ಬೈಕ್ ಮಾಮಾ ಮಾಡಿಕೊಟ್ಟ ಹಿಡಿಕೆ ಇದೆ, ಬಿದಿರು ಕಡ್ಡಿ ಇದೆ, ಒಂದು ಹೆಬ್ಬೆರಳಿನ ಅನುಭವ ಇದೆ.

ಮತ್ತೆ, ‘ಬ್ಯಾಟರಿ ಹಾಕು’ ಅಂತ ಇನ್ನೊಂದು ಸಲ ಕಮೆಂಟ್ ಹಾಕಿದವರಿಗೆ ಭಾನುವಾರ ಬೆಳಗ್ಗೆ ಆ ಅಜ್ಜನ ಮನೆಗೆ ಬರೋ ಶಿಕ್ಷೆ. ಹತ್ತು ಗಂಟೆಗೆ ಬನ್ನಿ. ಹತ್ತು ಸಲ ಹೊಡೀತದೆ, ಎಣಿಸಿ.

#ರಾಮನಗರ #ಜೋಯಿಡಾ #ಸುಪಾ #ಹಳೇಗಡಿಯಾರ #ಚಾವಿಕೊಟ್ಟುನೋಡಿ